ಅತ್ತೆಯ ಊರಿನ ಗಸಗಸೆ

ಕ್ರಿಸ್ಮಸ್‌ನ ಹಿಂದಿನ ರಾತ್ರಿ ನಮ್ಮತ್ತೆ ಒಂದು ತಿಂಡಿ ಮಾಡುತ್ತಿದ್ದರು. ಯೀಸ್ಟ್ ಹಾಕಿ ಉಬ್ಬಿಸಿದ ಮೈದಾ ಹಿಟ್ಟನ್ನು ಗೋಲಿಯಷ್ಟು ಸಣ್ಣ ಉಂಡೆ ಮಾಡಿ ಓವನ್‌ನಲ್ಲಿ ಬೇಯಿಸುವುದು. ಆಮೇಲೆ ಬಿಸಿ ಹಾಲಲ್ಲಿ ನೆನೆಸಿ, ಅರೆದ ಗಸಗಸೆ ಮತ್ತು ಜೇನು ಹಾಕಿ ಕಲಸುವುದು. ಅದರ ಹೆಸರು ಬೊಬಾಲ್ಕಿ. ಗಸಗಸೆ ಅರೆಯಲು ಮೇಜಿನ ಅಂಚಿಗೆ ಬಿಗಿಯುವ ಕಬ್ಬಿಣದ ಪುಟ್ಟ ಗಿರಣಿ ಇತ್ತು. ಅದರ ಹಿಡಿ ತಿರುಗಿಸುವುದು ಯಾವತ್ತೂ ಮಾವನ ಕೆಲಸ.

ಮದುವೆಯಾದ ಮೊದಲ ವರ್ಷ ನಾನು ಅತ್ತೆಗೆ ಗಸಗಸೆ ಪಾಯಸ ಮಾಡಿಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ಸುಮ್ಮನೆ ಕೂತುಬಿಟ್ಟರು. "ಇದು ನನ್ನ ಅಜ್ಜಿಯ ಅಡುಗೆಮನೆಯ ವಾಸನೆ" ಅಂದರು. ನಮ್ಮದು ಬಿಳಿ ಗಸಗಸೆ, ಅವರದು ನೀಲಿ ಛಾಯೆಯ ಕಪ್ಪು. ಆದರೂ ಅವತ್ತಿನಿಂದ ನಮ್ಮಿಬ್ಬರಿಗೂ ಒಂದು ನಂಟು ಹತ್ತಿತು.

ಅತ್ತೆ ತೀರಿಕೊಂಡ ಮೇಲೆ ಎರಡು ವರ್ಷ ಯಾರೂ ಬೊಬಾಲ್ಕಿ ಮಾಡಲಿಲ್ಲ. ಒಂದು ದಿನ ಮಾವ, ಅವರಿಗೆ ಆಗ 79, ಊಟದ ಮೇಜಿನಲ್ಲಿ ಹೇಳಿದರು: "ಅವಳು ಸಾಯುವ ತನಕ ಅಜ್ಜನ ಊರು ನೋಡಬೇಕು ಅನ್ನುತ್ತಿದ್ದಳು. ನಾನು ನೋಡಿಕೊಂಡು ಬರುತ್ತೇನೆ." ಅವರನ್ನು ಒಬ್ಬರನ್ನೇ ಕಳಿಸುವುದು ಹೇಗೆ? ಮಾವ, ನನ್ನ ಗಂಡ, ನಾನು, ಹನ್ನೆರಡರ ಮಗಳು, ಒಂಬತ್ತರ ಮಗ, ಐದೂ ಜನ ಹೊರಡುವುದು ಅಂತಾಯಿತು. ಹೋಗುವುದೇ ಆದರೆ ಮಾವನ ಕಡೆಯ ಊರನ್ನೂ ನೋಡಿಬಿಡೋಣ ಅಂದುಕೊಂಡೆವು.

ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರ. ನಾನು ಪುತ್ತೂರಿನ ಕಡೆಯವಳು. ನಮ್ಮಲ್ಲಿ ಮೂಲದ ಮನೆ ಯಾವುದು, ನಾಗಬನ ಎಲ್ಲಿ, ದೈವ ಯಾವುದು ಅಂತ ಸಣ್ಣ ಮಕ್ಕಳಿಗೂ ಗೊತ್ತಿರುತ್ತದೆ. ಎಷ್ಟೇ ದೂರ ಹೋದರೂ ವರ್ಷಕ್ಕೊಮ್ಮೆ ತಂಬಿಲಕ್ಕೆ, ಅಂದರೆ ನಾಗ-ದೈವಗಳ ಪೂಜೆಗೆ, ಕರೆ ಬರುತ್ತದೆ. ಇವರ ಮನೆಯಲ್ಲಿ ಹಾಗಲ್ಲ. ಮಾವನ ಕಡೆ "ಜರ್ಮನಿ", ಅತ್ತೆಯ ಕಡೆ "ಸ್ಲೊವಾಕಿಯಾ", ಅಷ್ಟೇ ಗೊತ್ತಿದ್ದದ್ದು. ಊರಿನ ಹೆಸರೇ ಇಲ್ಲದೆ ಊರಿಗೆ ಹೋಗುವುದು ಹೇಗೆ? ಹುಡುಕುವುದಕ್ಕೇ ಎಂಟು ತಿಂಗಳು ಹಿಡಿಯಿತು.

ಮಾವನ ಕಡೆಯದು ಒಹಾಯೊದ ಒಂದು ಹಳೇ ಚರ್ಚಿನ ಪುಸ್ತಕದಲ್ಲಿ ಸಿಕ್ಕಿತು. ಜರ್ಮನ್ ಮಾತಾಡುವವರ ಚರ್ಚ್ ಅದು. ಮುತ್ತಜ್ಜನ ಅಪ್ಪ ಸತ್ತಾಗ ಪಾದ್ರಿ ಹುಟ್ಟಿದ ಹಳ್ಳಿಯ ಹೆಸರನ್ನೂ ಬರೆದಿಟ್ಟಿದ್ದರು. ಇಂಗ್ಲಿಷಿನ ಸರ್ಕಾರಿ ಕಾಗದಗಳಲ್ಲೆಲ್ಲ ಬರೀ "ವುರ್ಟೆಂಬರ್ಗ್" ಅಂತಿತ್ತು, ಅದು ದಕ್ಷಿಣ ಜರ್ಮನಿಯ ಇಡೀ ಒಂದು ಪ್ರಾಂತ್ಯದ ಹೆಸರು. ಹಾಗಾಗಿ ನಿಮ್ಮ ಪೈಕಿ ಯಾರಾದರೂ ಇಂಥ ಹುಡುಕಾಟಕ್ಕೆ ಇಳಿದರೆ ಸರ್ಕಾರಿ ದಾಖಲೆಗಿಂತ ಮೊದಲು ಚರ್ಚಿನ ಪುಸ್ತಕ ನೋಡಿ.

ಅತ್ತೆಯ ಕಡೆಯದು ಕಷ್ಟವಾಯಿತು. ಅವರ ಅಜ್ಜ 1903ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಇಳಿದ ಪಟ್ಟಿ ಸಿಕ್ಕಿತು. ಓದಲು ಬರುತ್ತದೆಯೇ, ಟಿಕೆಟಿನ ದುಡ್ಡು ಯಾರು ಕೊಟ್ಟರು, ಕೈಯಲ್ಲಿ ಎಷ್ಟಿದೆ, ಎಲ್ಲ ಅದರಲ್ಲಿತ್ತು. ಕೈಯಲ್ಲಿದ್ದದ್ದು 11 ಡಾಲರ್. ದೇಶ ಹಂಗೆರಿ, ಜನ ಸ್ಲೊವಾಕ್. 1918ರವರೆಗೆ ಸ್ಲೊವಾಕಿಯಾ ಹಂಗೆರಿ ರಾಜ್ಯದ ಭಾಗವಾಗಿತ್ತಲ್ಲ, ಹಾಗಾಗಿ ಊರಿನ ಹೆಸರೂ ಹಂಗೆರಿಯನ್ ಭಾಷೆಯಲ್ಲಿ, ಅದೂ ತಪ್ಪು ಕಾಗುಣಿತದಲ್ಲಿ. ಆ ಕಡೆ ಪ್ರತಿ ಊರಿಗೂ ಮೂರು ಹೆಸರು. ಈಗಿನ ಲೆವೊಚ ಪಟ್ಟಣ ಜರ್ಮನ್ನರಿಗೆ ಲಾಯ್ಟ್‌ಶೌ, ಹಂಗೆರಿಯವರಿಗೆ ಲೊಚೆ. ಜೊತೆಗೆ ಒಂದೇ ಹೆಸರಿನ ಹಳ್ಳಿಗಳು ಬೇರೆ ಬೇರೆ ಜಿಲ್ಲೆಗಳಲ್ಲಿ ಇದ್ದವು. ಈ ಗೊಂದಲ ತಪ್ಪಿಸಲು ಹಂಗೆರಿ 1898ರಲ್ಲಿ ಕಾನೂನು ಮಾಡಿ ಊರುಗಳ ಹೆಸರು ಸರಿಪಡಿಸಲು ಶುರು ಮಾಡಿತು. ಅಜ್ಜ ಹೇಳಿದ್ದು ಹಳೇ ಹೆಸರು. ನಾವು ಎರಡು ತಿಂಗಳು ಬೇರೆಯೇ ಹಳ್ಳಿಯ ಪುಸ್ತಕಗಳನ್ನು ತಿರುವಿಹಾಕಿದ್ದೆವು.

ಕೊನೆಗೆ ಸರಿಯಾದ ಹಳ್ಳಿಯ ಜ್ಞಾನಸ್ನಾನದ ಪುಸ್ತಕ ಆನ್‌ಲೈನಿನಲ್ಲೇ ಸಿಕ್ಕಿತು. ಒಬ್ಬರೇ ಮನುಷ್ಯ ಲ್ಯಾಟಿನ್‌ನಲ್ಲಿ ಯೊವಾನೆಸ್, ಹಂಗೆರಿಯನ್‌ನಲ್ಲಿ ಯಾನೋಶ್, ಮನೆಯಲ್ಲಿ ಯಾನ್, ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಯಲ್ಲಿ ಜಾನ್. ಮನೆ ನಂಬರ್ ಕೂಡ ಇತ್ತು, 47.

ಜರ್ಮನ್ ದಾಖಲೆಗಳ ಹಳೇ ಕೈಬರಹ ಓದಲು ನಾನೇ ಕಲಿತೆ. ಅದರಲ್ಲಿ ಇ ಅಕ್ಷರ ಎನ್ ಥರ ಕಾಣುತ್ತದೆ. ಮೊದಲ ವಾರ ತಲೆ ಬಿಸಿಯಾಯಿತು. ಆದರೆ ನಮ್ಮ ಅಜ್ಜನ ಮನೆಯ ಪೆಟ್ಟಿಗೆಯಲ್ಲಿ ಶಾನುಭೋಗರ ಕೈಬರಹದ ಕಾಗದಗಳನ್ನು ನೋಡುತ್ತಾ ಬೆಳೆದವಳು ನಾನು. ಕೂತರೆ ಬರುತ್ತದೆ ಅನ್ನುವ ಧೈರ್ಯ ಇತ್ತು, ಬಂತು.

ಇನ್ನು ವೀಸಾ. ಮನೆಯವರೆಲ್ಲ ಅಮೆರಿಕದ ಪಾಸ್‌ಪೋರ್ಟಿನವರು, ಅವರಿಗೆ ಬೇಡ. ನನ್ನದು ಭಾರತದ್ದು. ಗ್ರೀನ್ ಕಾರ್ಡ್ ಇದ್ದರೂ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಶೆಂಗೆನ್ ವೀಸಾ ಬೇಕೇ ಬೇಕು. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ರಾತ್ರಿಗಳನ್ನು ಬೆರಳಲ್ಲಿ ಎಣಿಸಿ ಜರ್ಮನಿಗೆ ಹಾಕಿದೆ. 90 ಯೂರೋ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಪ್ರತಿ ರಾತ್ರಿಯ ಬುಕಿಂಗ್. ಸಿಕ್ಕಿತು.

ಆಗಸ್ಟ್ ಮೊದಲ ವಾರ ಫ್ರಾಂಕ್‌ಫರ್ಟಿನಲ್ಲಿ ಇಳಿದೆವು. ಬಾಡಿಗೆ ಕಾರಿನ ಕೌಂಟರಿನಲ್ಲೇ ಮೊದಲ ಪೆಟ್ಟು. ನಾವು ಬುಕ್ ಮಾಡಿದ ದೊಡ್ಡ ಕಾರನ್ನು ಸ್ಲೊವಾಕಿಯಾಕ್ಕೆ ಒಯ್ಯುವಂತಿಲ್ಲ ಅಂದರು. ಬುಕ್ ಮಾಡುವಾಗ ಯಾರೂ ಹೇಳಿರಲಿಲ್ಲ. ಎರಡು ಗಂಟೆ ಕಾದು, ಸಣ್ಣ ಕಾರಿಗೆ ಬದಲಾಯಿಸಿಕೊಂಡು, ಒಂದು ಸೂಟ್‌ಕೇಸನ್ನು ಮಕ್ಕಳ ಕಾಲ ಕೆಳಗೆ ತುರುಕಿ ಹೊರಟೆವು. ಯಾವ ಯಾವ ದೇಶಕ್ಕೆ ಹೋಗುತ್ತೀರಿ ಅನ್ನುವುದನ್ನು ಮೊದಲೇ ಬರೆದು ಕೇಳಿ, ಉತ್ತರವನ್ನೂ ಬರೆಸಿಕೊಳ್ಳಿ. ಜರ್ಮನಿಯಲ್ಲಿ ಕಾರುಗಳಿಗೆ ಟೋಲ್ ಇಲ್ಲ. ಚೆಕ್, ಸ್ಲೊವಾಕಿಯಾ, ಆಸ್ಟ್ರಿಯಾ ಮೂರಕ್ಕೂ ಹೆದ್ದಾರಿಯ ವಿನ್ಯೆಟ್, ಅಂದರೆ ಮೊದಲೇ ದುಡ್ಡು ಕೊಟ್ಟು ಪಡೆಯುವ ಟೋಲ್ ಪಾಸ್, ಬೇಕು. ಆನ್‌ಲೈನಿನಲ್ಲೇ ಕೊಂಡೆವು.

ಮೊದಲು ಉತ್ತರಕ್ಕೆ, ಬ್ರೆಮರ್‌ಹಾಫೆನ್ ಬಂದರಿಗೆ. ಅತ್ತೆಯ ಅಜ್ಜ ಹಡಗು ಹತ್ತಿದ್ದು ಅಲ್ಲಿ. 1830ರಿಂದ 1974ರ ತನಕ 70 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿಂದ ಹೊರಟುಹೋದರು. 2005ರಲ್ಲಿ ತೆರೆದ ವಲಸೆಗಾರರ ಮ್ಯೂಸಿಯಂ ಅಲ್ಲಿದೆ. ಒಳಗೆ ಹೋಗುವಾಗ ನಿಮ್ಮ ಕೈಗೊಂದು ಕಾರ್ಡ್ ಕೊಡುತ್ತಾರೆ, ನಿಜವಾಗಿ ಹೋದ ಒಬ್ಬ ಮನುಷ್ಯನ ಕಥೆ ಅದರಲ್ಲಿ. ಬಂದರಿನ ಕಟ್ಟೆ, ಹಡಗಿನ ಗೋಡೆ, ಕೆಳಗಿನ ಕತ್ತಲ ಮಂಚಗಳು, ಎಲ್ಲ ಹಾಗೆಯೇ ಕಟ್ಟಿದ್ದಾರೆ. ಅಜ್ಜನ ಹೆಸರು ಇಲ್ಲಿನ ಪಟ್ಟಿಯಲ್ಲೂ ಸಿಗಬಹುದು ಅಂತ ಮಾವ ಆಸೆ ಇಟ್ಟುಕೊಂಡಿದ್ದರು. ಸಿಗಲಿಲ್ಲ. ಬ್ರೆಮೆನ್‌ನವರು ಜಾಗ ಸಾಲದೆ ಹಳೇ ಪಟ್ಟಿಗಳನ್ನು ಆಗಲೇ ನಾಶಮಾಡುತ್ತಿದ್ದರು, ಉಳಿದವುಗಳಲ್ಲಿ ಹೆಚ್ಚಿನವು ಎರಡನೇ ಮಹಾಯುದ್ಧದಲ್ಲಿ ಹೋದವು. ಮಾವ ಹೊರಗೆ ಬಂದು ನೀರಿನ ಕಡೆ ನೋಡುತ್ತಾ ತುಂಬಾ ಹೊತ್ತು ನಿಂತರು. ಮಗ ಅವರ ಕೈ ಹಿಡಿದುಕೊಂಡು ನಿಂತ. ಕರೆಯಲು ಮನಸ್ಸಾಗಲಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಹೈಲ್‌ಬ್ರೊನ್ ಹತ್ತಿರ ತ್ಸಾಬರ್‌ಗಾಯ್ ಅನ್ನುವ ದ್ರಾಕ್ಷಿ ಬೆಳೆಯುವ ಸೀಮೆ. ಸಂಜೆ ಹೊತ್ತಿಗೆ ಮುಟ್ಟಿದೆವು. ಮರುದಿನ ಭಾನುವಾರ, ಒಂದು ಅಂಗಡಿಯೂ ತೆರೆದಿರಲಿಲ್ಲ. ಉಳಿದುಕೊಂಡ ಮನೆಯ ಯಜಮಾನಿ ಬ್ರೆಡ್ಡು, ಮೊಟ್ಟೆ ಕೊಟ್ಟು ಕಾಪಾಡಿದರು.

ಹಳ್ಳಿ ಸಿಕ್ಕಿತು. ಮಾವ ನೇರ ಸ್ಮಶಾನಕ್ಕೆ ಹೋದರು. ಎರಡು ಸುತ್ತು ಬಂದರು. ಅವರ ಮನೆತನದ ಹೆಸರಿನ ಒಂದು ಕಲ್ಲೂ ಇಲ್ಲ. ಇರುವ ಕಲ್ಲುಗಳೆಲ್ಲ ಈಚಿನವು. ಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು ವಿಷಯ ತಿಳಿಸಿದರು. ಜರ್ಮನಿಯಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ ಇಪ್ಪತ್ತು-ಮೂವತ್ತು ವರ್ಷಕ್ಕೆ ಕೊಡುವುದು. ಅವಧಿ ಮುಗಿದ ಮೇಲೆ ಮನೆಯವರು ಮುಂದುವರಿಸದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ನಾವು ಸುಟ್ಟು ಬೂದಿಯನ್ನು ನೀರಿಗೆ ಬಿಡುವವರು, ನನಗೆ ಅದರಲ್ಲಿ ಅಂಥ ನೋವು ಕಾಣಲಿಲ್ಲ. ಆದರೆ ಐದು ಸಾವಿರ ಮೈಲಿ ಕಲ್ಲು ಹುಡುಕಿಕೊಂಡು ಬಂದವರ ಮುಖ ನೋಡಿದಾಗ ಹೊಟ್ಟೆ ಚುರ್ ಅಂದಿತು.

ಹೆಸರು ಸಿಕ್ಕಿದ್ದು ಚರ್ಚಿನ ಗೋಡೆಯ ಪಕ್ಕ, ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕದಲ್ಲಿ. ನಾಲ್ಕು ಸಲ ಅದೇ ಮನೆತನದ ಹೆಸರು. ಹೋಗದೆ ಉಳಿದವರ ಮೊಮ್ಮಕ್ಕಳು, ಮರಿಮಕ್ಕಳು. ಮಾವ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು.

ಸೋಮವಾರ ಒಬ್ಬ ನಿವೃತ್ತ ಮೇಷ್ಟ್ರನ್ನು ಭೇಟಿಯಾದೆವು. ಹಳ್ಳಿಯ ಹಳೇ ಕಾಗದಗಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರು. ಮೂರು ತಿಂಗಳು ಮೊದಲೇ ಪತ್ರ ಬರೆದಿದ್ದೆ. ವುರ್ಟೆಂಬರ್ಗಿನಲ್ಲಿ 1808ರಿಂದ ಪಾದ್ರಿಗಳು ಕುಟುಂಬಕ್ಕೊಂದು ಪುಟದಂತೆ ಪುಸ್ತಕ ಬರೆಯಬೇಕಿತ್ತು. ನಮ್ಮ ಪುಟವನ್ನು ಅವರು ತೆಗೆದೇ ಇಟ್ಟಿದ್ದರು. ಏಳು ಮಕ್ಕಳು. ಐದನೆಯವನ ಹೆಸರಿನ ಮುಂದೆ ಎರಡೇ ಪದ: "ನಾಖ್ ಅಮೇರಿಕಾ", ಅಮೆರಿಕಕ್ಕೆ. ವರ್ಷ 1854. ಅವನು ಹೋದದ್ದು ಬ್ರೆಮರ್‌ಹಾಫೆನ್ ಮೂಲಕ ಅಲ್ಲ, ಫ್ರಾನ್ಸಿನ ಲೆ ಆವ್ರ್ ಬಂದರಿನಿಂದ. ಆ ಸೀಮೆಯವರು ಬಹಳ ಜನ ಹಾಗೇ ಹೋದರಂತೆ.

ಆಮೇಲೆ ಅವರು ಇನ್ನೊಂದು ಕಟ್ಟು ಬಿಚ್ಚಿದರು. ಅಪ್ಪ ಸತ್ತ ಮೇಲೆ ಆಸ್ತಿ ಹಂಚಿದ ಕಾಗದ. ನಾನು ಬಗ್ಗಿ ಓದತೊಡಗಿದೆ. ಮನೆಯ ಅರ್ಧ. ದ್ರಾಕ್ಷಿ ತೋಟದ ತುಂಡುಗಳು. ಒಂದು ತಾಮ್ರದ ಬಾಣಲೆ. ಎರಡು ಹಾಸಿಗೆ, ಒಂದು ಹಳತು. ಕಂಬಳಿ ಕೋಟು, ತೇಪೆ ಹಾಕಿದ್ದು. ಆರು ತವರದ ಚಮಚ. ಪ್ರತಿಯೊಂದಕ್ಕೂ ಬೆಲೆ ಕಟ್ಟಿ, ಯಾರಿಗೆ ಅಂತ ಬರೆದಿದ್ದರು.

"ಅಯ್ಯೋ, ಇದು ಪಾಲುಪಟ್ಟಿ!" ಅಂತ ಕನ್ನಡದಲ್ಲೇ ಕೂಗಿಬಿಟ್ಟೆ. ನಮ್ಮ ಅಜ್ಜನ ಮನೆ ಪಾಲಾದಾಗ ಬರೆದ ಕಾಗದವೂ ಹೀಗೇ ಇದೆ. ಕಡಾಯಿ ಯಾರಿಗೆ, ಒರಳು ಯಾರಿಗೆ, ಬಾವಿಯ ನೀರು ಯಾರು ಎಷ್ಟು ದಿನ ಸೇದಬೇಕು ಅಂತ ಅದರಲ್ಲಿದೆ. ಈ ಸೀಮೆಯ ಕ್ರಮದಲ್ಲಿ ಹಿರಿಯ ಮಗನಿಗೇ ಎಲ್ಲ ಅಂತಿಲ್ಲ. ಗಂಡು ಹೆಣ್ಣು ಎಲ್ಲರಿಗೂ ಸಮಪಾಲು. ಕೇಳಲು ನ್ಯಾಯ. ಆದರೆ ತಲೆಮಾರು ಕಳೆದಂತೆ ಭೂಮಿ ಚೂರು ಚೂರು. ಇವರಿಗೆ ಇದ್ದದ್ದು ಐದು ಮೋರ್ಗೆನ್. ಒಂದು ಮೋರ್ಗೆನ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 78 ಸೆಂಟ್ಸ್. ಏಳು ಜನಕ್ಕೆ ಹಂಚಿದರೆ ತಲೆಗೆ 55 ಸೆಂಟ್ಸ್. ಮೇಲಿಂದ 1846ರ ಆಚೆ ಈಚೆ ಆಲೂಗಡ್ಡೆಗೆ ರೋಗ, ಬೆಳೆ ನಷ್ಟ. 55 ಸೆಂಟ್ಸಿನಲ್ಲಿ ಹೆಂಡತಿ ಮಕ್ಕಳನ್ನು ಸಾಕುವುದು ಹೇಗೆ?

ನಾನು ಸೆಂಟ್ಸಿನ ಲೆಕ್ಕ ಮಾಡಿ ಹೇಳಿದಾಗ ಮಾವ ನನ್ನ ಮುಖ ನೋಡಿದರು. "ಸಾಹಸಕ್ಕೆ ಹೊರಟವನು ಅಂತ ನಮಗೆಲ್ಲ ಹೇಳಿಕೊಂಡು ಬಂದಿದ್ದರು. ಅವನಿಗೆ ಕಾಲೂರಲು ಜಾಗ ಇರಲಿಲ್ಲ" ಅಂದರು. ನನಗೆ ಈ ಇಡೀ ಪ್ರಯಾಣದಲ್ಲಿ ಆ ಕಾಗದದಷ್ಟು ಹತ್ತಿರ ಅನಿಸಿದ್ದು ಬೇರೆ ಇಲ್ಲ. ಕೋಟೆ, ಅರಮನೆ ನೋಡಿದರೆ ಯಾರೋ ರಾಜರ ಊರು. ಆ ಚಮಚಗಳ ಪಟ್ಟಿ ನೋಡಿದ ಮೇಲೆ ಅದು ನಮ್ಮವರ ಊರಾಯಿತು.

ಅವತ್ತು ಮಧ್ಯಾಹ್ನ ನಾನು ಒಂದು ಆಸೆ ಕೇಳಿದೆ. ಹತ್ತೇ ಕಿಲೋಮೀಟರ್ ದೂರದಲ್ಲಿ ಬ್ರಾಕೆನ್‌ಹೈಮ್ ಪಟ್ಟಣ. ಹರ್ಮನ್ ಮೊಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಅಲ್ಲಿ. ಅವರೂ ಇದೇ ಸೀಮೆಯವರು ಅಂತ ನಕ್ಷೆ ನೋಡುವಾಗ ಗೊತ್ತಾಗಿ ಮೈ ಜುಮ್ಮೆಂದಿತ್ತು. ಇಲ್ಲಿಂದ ಹೊರಟ ಯುವಕ 1836ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ಕಲ್ಲಚ್ಚಿನಲ್ಲಿ ಅಚ್ಚಾದ ನಾಲ್ಕು ಪುಟ. ಈಗಲೂ ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ. ಕಾಲೇಜಿಗೆ ಹೋಗುವಾಗ ದಿನಾ ಬಲ್ಮಠದ ಬಾಸೆಲ್ ಮಿಷನ್ ಕಟ್ಟಡಗಳ ಎದುರು ನಡೆದವಳು ನಾನು.

ಬ್ರಾಕೆನ್‌ಹೈಮಿನ ಚರ್ಚಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಇದನ್ನೆಲ್ಲ ಹೇಳಿದೆ. ಮಗಳು ಕೇಳಿದಳು, "ಹಾಗಾದರೆ ಅಜ್ಜನ ಊರಿನವರು ಅಮ್ಮನ ಊರಿಗೆ ಮೊದಲೇ ಬಂದಿದ್ದರಾ?" ಹೌದಲ್ವಾ! ಅದೇ ಕಾಲದಲ್ಲಿ, ಅದೇ ಬೆಟ್ಟಗಳ ನಡುವಿನಿಂದ ಒಬ್ಬರು ಪಶ್ಚಿಮಕ್ಕೆ ಹೋದರು, ಒಬ್ಬರು ನಮ್ಮ ಕಡೆಗೆ ಬಂದರು. ಅಲ್ಲೇ ನಿಂತು ಪುತ್ತೂರಿಗೆ ಅಮ್ಮನಿಗೆ ಫೋನ್ ಮಾಡಿದೆ.

ಅಲ್ಲಿಂದ ಪೂರ್ವಕ್ಕೆ ಸಾವಿರದ ನೂರು ಕಿಲೋಮೀಟರ್. ನ್ಯೂರೆಂಬರ್ಗ್, ಪ್ರಾಗ್, ಬ್ರ್ನೊದಲ್ಲಿ ರಾತ್ರಿ. ಚೆಕ್‌ನಲ್ಲಿ ಕೊರುನ, ಗಡಿ ದಾಟಿದರೆ ಮತ್ತೆ ಯೂರೋ. ಗಡಿಯಲ್ಲಿ ಯಾರೂ ನಿಲ್ಲಿಸಲಿಲ್ಲ. ಮಾವನಿಗೆ ಪ್ರತಿ ಎರಡು ಗಂಟೆಗೆ ಕಾಲು ಚಾಚಲು ನಿಲ್ಲಿಸಬೇಕು, ಮಗನಿಗೆ ವಾಂತಿ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಓಡಿಸಬೇಡಿ, ವಯಸ್ಸಾದವರು ಇದ್ದರಂತೂ ಖಂಡಿತ ಬೇಡ. ಸ್ಲೊವಾಕಿಯಾದಲ್ಲಿ ವಾಹ್ ನದಿಯ ಜೊತೆಜೊತೆಗೇ ರಸ್ತೆ. ಕೊನೆಗೆ ಎಡಕ್ಕೆ ತಾತ್ರಾ ಪರ್ವತಗಳು ಒಮ್ಮೆಲೇ ಎದ್ದು ನಿಂತವು. ಕಾರಲ್ಲಿ ಎಲ್ಲರೂ ಸುಮ್ಮನಾದರು.

ಲೆವೊಚದಲ್ಲಿ ಉಳಿದುಕೊಂಡೆವು. ಅಲ್ಲಿನ ಸಂತ ಯಾಕೋಬನ ಚರ್ಚಿನಲ್ಲಿ 18 ಮೀಟರಿಗೂ ಎತ್ತರದ ಮರದ ಕೆತ್ತನೆಯ ಪೀಠವಿದೆ, ಮಾಸ್ಟರ್ ಪಾವೊಲ್ ಅನ್ನುವವರು ಐನೂರು ವರ್ಷದ ಹಿಂದೆ ಮಾಡಿದ್ದು. ನೋಡಲೇಬೇಕಾದದ್ದು. ಆದರೆ ನಮ್ಮ ಮನಸ್ಸೆಲ್ಲ ಹಳ್ಳಿಯ ಮೇಲೆ.

ಹಳ್ಳಿಯಲ್ಲಿ 47ನೇ ನಂಬರಿನ ಮನೆ ಇತ್ತು. ಹೊಸ ಮನೆ. ಒಳಗಿದ್ದವರು ಎಲ್ಲಿಂದಲೋ ಬಂದವರು. ನಂಬರುಗಳನ್ನು ಯಾವಾಗಲೋ ಬದಲಾಯಿಸಿದ್ದರು. ಸ್ಮಶಾನದಲ್ಲಿ ಇಲ್ಲಿ ಕಲ್ಲುಗಳಿದ್ದವು, ಆದರೆ ಸಾಲಿಗೆ ಹತ್ತು ಜನ ಅತ್ತೆಯ ಮನೆತನದ ಹೆಸರಿನವರೇ. ಅರ್ಧ ಊರಿಗೆ ಒಂದೇ ಹೆಸರು. ಯಾರು ನಮ್ಮವರು?

ಚರ್ಚಿನ ಪಾದ್ರಿಗೆ ನನ್ನ ಫೋನಿನಲ್ಲಿದ್ದ ದಾಖಲೆಯ ಚಿತ್ರ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿ, ಹೆಸರಿನ ಪಕ್ಕದ ಒಂದು ಪದದ ಮೇಲೆ ಬೆರಳಿಟ್ಟರು. "ಅಲಿಟೆರ್", ಲ್ಯಾಟಿನ್‌ನಲ್ಲಿ ಬೇರೆ ರೀತಿ ಅಂತ. ಅದರ ಮುಂದೆ "ಕೊಲೆಸಾರ್". ನಾವು ಅದನ್ನು ಯಾವುದೋ ನಡುವಿನ ಹೆಸರು ಅಂದುಕೊಂಡಿದ್ದೆವು. ಗಾಡಿಚಕ್ರ ಮಾಡುವವನು ಅಂತ ಅದರರ್ಥ. ಒಂದೇ ಹೆಸರಿನ ಮನೆಗಳನ್ನು ಬೇರೆ ಮಾಡಲು ಊರವರು ಕರೆಯುವ ಅಡ್ಡಹೆಸರು ಅದು. ನಮ್ಮಲ್ಲಿ ಮನೆ ಹೆಸರು ಇಲ್ಲವೇ, ಹಾಗೆ. ಪಾದ್ರಿ ಬೀದಿಯ ಕೊನೆಯ ಮನೆ ತೋರಿಸಿದರು. "ಅವರನ್ನು ಈಗಲೂ ಹಾಗೇ ಕರೆಯುತ್ತೇವೆ."

ಬಾಗಿಲು ತೆಗೆದವರು ಎಪ್ಪತ್ತೈದು ದಾಟಿದ ಅಜ್ಜಿ. ಅವರ ಮೊಮ್ಮಗ ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದವನು, ಅವನೇ ದುಭಾಷಿ. ಕಾಗದ ಹರಡಿ ಲೆಕ್ಕ ಹಾಕಿದೆವು. ಅವರ ಅಜ್ಜ ಮತ್ತು ನಮ್ಮತ್ತೆಯ ಅಜ್ಜ ಅಣ್ಣತಮ್ಮಂದಿರು. ಅಂದರೆ ಅತ್ತೆಗೆ ತಂಗಿಯಾಗಬೇಕು, ನನಗೆ ಚಿಕ್ಕತ್ತೆ. "ಅಮೆರಿಕಕ್ಕೆ ಹೋದವನಿಂದ ಕೆಲವು ವರ್ಷ ದುಡ್ಡು ಬರುತ್ತಿತ್ತಂತೆ, ಆ ದುಡ್ಡಿನಲ್ಲೇ ಹಸು ತಗೊಂಡರಂತೆ" ಅಂದರು ಅವರು. ಮಾವ ಕೇಳಿಸಿಕೊಳ್ಳುತ್ತಾ ತಲೆ ತಗ್ಗಿಸಿ ಕೂತಿದ್ದರು. ಹೆಂಡತಿ ಇರಬೇಕಾದ ಜಾಗದಲ್ಲಿ ತಾವೊಬ್ಬರೇ ಇದ್ದೇನೆ ಅನ್ನುವುದು ಅವರಿಗೆ ಆಗ ತಟ್ಟಿರಬೇಕು.

ನಾನು ಕೇಳಿದೆ, "ಬೊಬಾಲ್ಕಿ?"

ಅಜ್ಜಿ ಎದ್ದು ನಿಂತರು. ನನ್ನ ಎರಡೂ ಕೆನ್ನೆ ಹಿಡಿದು ಏನೇನೋ ಹೇಳಿದರು. ಮೊಮ್ಮಗನಿಗೂ ಅನುವಾದ ಮಾಡಲು ಪುರುಸೊತ್ತು ಕೊಡಲಿಲ್ಲ. ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಗಸಗಸೆಯ ಒಣಗಿದ ಕಾಯಿಗಳನ್ನು ಕಟ್ಟಿ ಕೊಟ್ಟಿಗೆಯ ಸೂರಿಗೆ ತೂಗುಹಾಕಿದ್ದರು. ಒಂದು ಕಾಯಿ ಕಿತ್ತು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗಿಲಕಿಯ ಸದ್ದು. ತುದಿ ಮುರಿದು ಅಂಗೈಗೆ ಸುರಿದರು. ನೀಲಿ-ಕಪ್ಪು ಕಾಳು, ಸಾಸಿವೆಗಿಂತ ಎಷ್ಟೋ ಸಣ್ಣದು. ಬಾಯಿಗೆ ಹಾಕಿಕೊಂಡೆ. ಮಕ್ಕಳಿಗೂ ಕೊಟ್ಟೆ. ಮಗಳು ಕಣ್ಣು ಮುಚ್ಚಿ, "ಅಜ್ಜಿಯ ಕ್ರಿಸ್ಮಸ್" ಅಂದಳು.

ಆಗಸ್ಟ್ ತಿಂಗಳಲ್ಲಿ ಯಾರೂ ಬೊಬಾಲ್ಕಿ ಮಾಡುವುದಿಲ್ಲ. ಅವರು ಮಾಡಿದರು. ಹಿಟ್ಟು ಕಲಸಿ ಮುಚ್ಚಿಟ್ಟು, ಕಪಾಟಿನಿಂದ ಗಿರಣಿ ತೆಗೆದರು. ಕಬ್ಬಿಣದ ಪುಟ್ಟ ಗಿರಣಿ, ಮೇಲೆ ಆಲಿಕೆಯಂಥ ಬಾಯಿ, ಮರದ ಹಿಡಿ. ಪಿಟ್ಸ್‌ಬರ್ಗಿನ ನಮ್ಮ ಅಡುಗೆಮನೆಯಲ್ಲಿ ಇರುವುದರ ತದ್ರೂಪು.

ಮಾವ ಕುರ್ಚಿಯಿಂದ ಎದ್ದರು. ಯಾರೂ ಹೇಳಲಿಲ್ಲ. ಗಿರಣಿ ತೆಗೆದುಕೊಂಡು ಮೇಜಿನ ಅಂಚಿಗೆ ಇಟ್ಟು, ಕೆಳಗಿನ ತಿರುಪು ಬಿಗಿದು, ಎಡಗೈಯಲ್ಲಿ ಒಮ್ಮೆ ಅಲುಗಾಡಿಸಿ ನೋಡಿದರು. ಅಜ್ಜಿ ಒಂದು ಹಿಡಿ ಗಸಗಸೆ ಸುರಿದರು. ಮಾವ ಹಿಡಿ ತಿರುಗಿಸತೊಡಗಿದರು. ಕೆಳಗಿನ ಬಟ್ಟಲಿಗೆ ಬೂದುನೀಲಿ ಪುಡಿ ಎಣ್ಣೆಯ ಜಿಗುಟಿನಿಂದ ಮೆಲ್ಲಗೆ ಬೀಳತೊಡಗಿತು. ಸಾಕು ಅಂತ ಅಜ್ಜಿ ಕೈಸನ್ನೆ ಮಾಡಿದರೂ ಅವರು ನಿಲ್ಲಿಸಲಿಲ್ಲ. ಅಜ್ಜಿ ಮತ್ತೊಂದು ಹಿಡಿ ಸುರಿದರು.